ಬಕೆಟ್ಟಿಗೆ ಬಿದ್ದ ಧೂಳು

ಸೊಸೆ ಮದುವೆಯಾಗಿ ಬಂದ ಮೂರನೆಯ ದಿನವೇ ಊಟದ ಮೇಜಿನ ಮೇಲೆ ಬೆರಳಿನಿಂದ ಒಂದು ಗೀಟು ಎಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಆದರೆ ಆ ಬೆರಳನ್ನು ಅಜ್ಜಿ ಏಳು ವರ್ಷವಾದರೂ ಮರೆತಿರಲಿಲ್ಲ. ಆಗ ಅವಳಿನ್ನೂ ಅಜ್ಜಿಯಾಗಿರಲಿಲ್ಲ, ಬರೀ ಅತ್ತೆ. ಮೊದಲು ಬಡಗಿಯ ಹೆಂಡತಿಯಾಗಿ, ಆಮೇಲೆ ಬಡಗಿಯ ತಾಯಿಯಾಗಿ ನಲವತ್ತು ವರ್ಷ ಆ ಮನೆಯನ್ನು ಒರೆಸಿದ ಕೈ ಅವಳದು. ಕೆಲಸದ ಶೆಡ್ಡು ಮನೆಗೆ ಅಂಟಿಕೊಂಡೇ ಇತ್ತು. ಅಡುಗೆಮನೆಗೂ ಅದಕ್ಕೂ ನಡುವೆ ಒಂದೇ ಬಾಗಿಲು. ಬಡಗಿಯ ಮನೆಯಲ್ಲಿ ಧೂಳಿರದೆ ಅತ್ತರು ಇರುತ್ತದೆಯೇ?

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಗಾಜು ಒರೆಸಿ ಒರೆಸಿ ಅವಳ ಕಣ್ಣಿಗೆ ಸಾಸಿವೆಯಷ್ಟು ಕೊಳೆಯೂ ಕುಂಬಳಕಾಯಿಯಷ್ಟು ಕಾಣುತ್ತದೆ ಎಂದು ತಾತ ಗೊಣಗುತ್ತಿದ್ದ. ಗೊಣಗಾಟ, ಗುದ್ದಾಟ ಎಲ್ಲ ಇದ್ದರೂ ಸಂಸಾರ ಹೇಗೋ ಸಾಗುತ್ತಿತ್ತು. ಮಗನಿಗೆ ಆ ಕಿಟಕಿಗಳ ಕೆಲಸ ಸಿಕ್ಕ ಮೇಲೆಯೇ ಎಲ್ಲ ಎಡವಟ್ಟಾದದ್ದು.

ಯಾವುದೋ ಹಳೆಯ ಹಾಸ್ಟೆಲ್ಲಿನ ನಲವತ್ತೆರಡು ಕಿಟಕಿಗಳು. ಹಳೆಯ ಬಣ್ಣ ಉಜ್ಜಿ ತೆಗೆದು ಹೊಸದು ಹೊಡೆಯಬೇಕು. ಒಂದರ ಮೇಲೊಂದು ಏಳೆಂಟು ಪದರ ಬಣ್ಣ. ಮೇಲೆ ಬಿಳಿ, ಅಡಿಯಲ್ಲೆಲ್ಲ ಹಸಿರು. ಉಜ್ಜುವ ಮಷೀನು ಶುರುವಾದ ಮೊದಲ ದಿನವೇ ಮಧ್ಯಾಹ್ನದ ಅನ್ನದ ಮೇಲೆ ಧೂಳು ಕೂತಿತು. ಸೊಸೆ ತಟ್ಟೆ ತಳ್ಳಿ ಎದ್ದಳು.

"ಈ ಮನೇಲಿ ಒಂದೋ ಧೂಳಿರ್ಬೇಕು, ಇಲ್ಲಾ ನಾನಿರ್ಬೇಕು."

"ಧೂಳಿಗೆ ಕಾಲಿಲ್ಲ ಕಣಮ್ಮ, ನಿನಗಿದೆ," ಎಂದ ತಾತ. ಅಂದ ಮೇಲೆ ತನಗೇ ಹೆಚ್ಚಾಯಿತು ಅನ್ನಿಸಿ ನೀರಿನ ಲೋಟದಲ್ಲಿ ಮುಖ ಮುಚ್ಚಿಕೊಂಡ.

"ಮಗು ಇದೆ ಮಾವ ಮನೇಲಿ. ನಾಲ್ಕು ವರ್ಷದ ಮಗು."

"ನಲವತ್ತು ವರ್ಷ ತಿಂದಿದೀನಿ ನಾನು ಈ ಹೊಟ್ಟನ್ನ. ನನಗೇನಾಯ್ತು?" ಎಂದು ಕೇಳಿ ತಾತ ಕೆಮ್ಮತೊಡಗಿದ, ಊಟ ಮುಗಿಯುವವರೆಗೂ ಆ ಕೆಮ್ಮು ನಿಲ್ಲಲಿಲ್ಲ.

ಮುಂದಿನ ವಾರ ಮಗ ಒಂದು ಡಬ್ಬ ಹೊತ್ತುಕೊಂಡು ಬಂದ. ಒಳಗೆ ಮೊಳದುದ್ದದ ಕಪ್ಪು ಪ್ಲಾಸ್ಟಿಕ್ಕಿನ ಆಲಿಕೆ. ಪಕ್ಕದಲ್ಲೊಂದು ಮೂತಿ, ನೆತ್ತಿಯ ಮೇಲೊಂದು ಮೂತಿ.

"ಇದೇನೋ ಇದು, ಎಣ್ಣೆ ಸುರಿಯೋದಾ?" ಎಂದ ತಾತ.

"ಸೈಕ್ಲೋನು ಅಪ್ಪಾ. ಶೆಡ್ಡಿನ ವ್ಯಾಕ್ಯೂಮು ಕ್ಲೀನರು ಗಾಳಿ ಎಳೆಯುತ್ತಲ್ಲ, ಧೂಳು ಮೊದ್ಲು ಇದರೊಳಗೆ ಬಂದು ಗಿರಗಿರ ಸುತ್ತಿ ಕೆಳಗಿನ ಬಕೆಟ್ಟಿಗೆ ಬೀಳುತ್ತೆ. ಗಾಳಿ ಮಾತ್ರ ಮೇಲಿಂದ ಹೋಗುತ್ತೆ. ವ್ಯಾಕ್ಯೂಮಿನ ಫಿಲ್ಟರು ಕಟ್ಕೊಳ್ಳೋದಿಲ್ಲ."

"ಅಂದ್ರೆ ಬೇರೆ ಬೇರೆ ಮಾಡುತ್ತೆ," ಎಂದಳು ಅಜ್ಜಿ.

"ಹೂಂ ಅಮ್ಮ. ಬೇರೆ ಮಾಡೋದೇ ಅದರ ಕೆಲಸ."

ಅಜ್ಜಿಗೆ ಅಷ್ಟು ಸಾಕಾಯಿತು. ಮೊರದಲ್ಲಿ ಕೇರಿದರೆ ಜೊಳ್ಳು ಹಾರಿ ಹೋಗುತ್ತದೆ, ಕಾಳು ಕೆಳಗೆ ಉಳಿಯುತ್ತದೆ. ಕೆಟ್ಟದ್ದು ಮೇಲಕ್ಕೆ, ಒಳ್ಳೆಯದು ಕೆಳಕ್ಕೆ. ಇಷ್ಟಕ್ಕೆ ಇಷ್ಟು ದೊಡ್ಡ ಹೆಸರು ಬೇರೆ ಕೇಡು ಎಂದುಕೊಂಡು ಅವಳು ಒಲೆಯ ಕಡೆ ತಿರುಗಿದಳು.

ಮೊದಲ ದಿನ ಪೈಪಿನ ಬಾಯಿಗೆ ಚಿಂದಿಬಟ್ಟೆ ಸಿಕ್ಕಿಕೊಂಡು, ಬಕೆಟ್ಟು 'ಡಬ್' ಎಂದು ಒಳಕ್ಕೆ ಸೊಟ್ಟಗಾಯಿತು. "ನಿನ್ನ ಗಾಳಿಗೆ ಹಸಿವು ಕಣೋ, ಬಕೆಟ್ಟನ್ನೇ ನುಂಗಕ್ಕೆ ಹೋಯ್ತು," ಎಂದು ತಾತ ನಕ್ಕ. ಮಗ ದಪ್ಪ ಗೋಡೆಯ ಬಕೆಟ್ಟು ತಂದು, ಮುಚ್ಚಳದ ಸುತ್ತ ರಬ್ಬರು ಕೂರಿಸಿ, ಗಾಳಿ ಸೋರದಂತೆ ಬಿಗಿ ಮಾಡಿದ. ಆಮೇಲೆ ಅದು ಹೇಳಿದ ಮಾತು ಕೇಳಿತು. ಸಂಜೆ ಮೂಗಿಗೆ ಮುಖವಾಡ ಕಟ್ಟಿಕೊಂಡು, ಬಕೆಟ್ಟನ್ನು ದಪ್ಪ ಚೀಲಕ್ಕೆ ಸುರಿದು ಬಾಯಿ ಕಟ್ಟುವುದು ಮಗನ ದಿನಚರಿಯಾಯಿತು. ಅನ್ನದ ಮೇಲೆ ಧೂಳು ಕೂರುವುದು ನಿಂತಿತು. ಸೊಸೆ ಮೇಜಿನ ಮೇಲೆ ಗೀಟೆಳೆದು ಬೆರಳು ನೋಡಿಕೊಂಡು, ಮೊದಲ ಸಲ ನಕ್ಕಳು.

ಉಳಿದದ್ದು ಆ ಬಾಗಿಲ ಅಡಿಯ ಸಂದು. ಬೆರಳು ತೂರುವಷ್ಟು ಜಾಗ. ಅಲ್ಲಿಂದ ಇನ್ನೂ ಒಂದಿಷ್ಟು ಒಳಗೆ ನುಸುಳುತ್ತಿತ್ತು. ಸೊಸೆ ಅದನ್ನು ತೋರಿಸಿದಾಗ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಎಲ್ಲವನ್ನೂ ಮಗನ ಮಷೀನೇ ಮಾಡಬೇಕೇನು? ಅವಳಿಗೂ ಒಂದು ಮಷೀನು ಇತ್ತು. ಕಿಟಕಿಯ ಪಕ್ಕದ ಹೊಲಿಗೆ ಯಂತ್ರದಲ್ಲಿ ಒಂದು ಕಾಲದಲ್ಲಿ ಅರ್ಧ ಬೀದಿಯ ರವಿಕೆ ಹೊಲಿದವಳು ಅವಳು.

ಮಗ ಹೊರಗೆ ಹೋಗಿದ್ದ ಒಂದು ಬೆಳಿಗ್ಗೆ ಹಳೆಯ ಪಟ್ಟೆಪಟ್ಟೆ ಪರದೆಯನ್ನು ಉದ್ದಕ್ಕೆ ಕತ್ತರಿಸಿ, ತೋಳಿನಂತೆ ಹೊಲಿದು, ಒಂದು ತುದಿ ಮುಚ್ಚಿದಳು. ತುಂಬುವುದಕ್ಕೆ ಹತ್ತಿ ಇರಲಿಲ್ಲ. ಶೆಡ್ಡಿಗೆ ಹೋಗಿ, ಹಿಂದಿನ ಸಂಜೆ ಮಗ ಖಾಲಿ ಮಾಡದೆ ಬಿಟ್ಟಿದ್ದ ಬಕೆಟ್ಟಿನ ಮುಚ್ಚಳ ತೆಗೆದಳು. ಜರಡಿ ಹಿಡಿದ ಹಿಟ್ಟಿನಂಥ ಪುಡಿ. ಬೆರಳಲ್ಲಿ ಉಜ್ಜಿ ನೋಡಿದಳು. ಒಂದು ಹರಳಿಲ್ಲ, ಒಂದು ಸಿಬಿರಿಲ್ಲ. ಜೊಳ್ಳೆಲ್ಲ ಮೇಲೆ ಹೋದ ಮೇಲೆ ಉಳಿದದ್ದು ಇಷ್ಟು ಚೆಂದವಿರುವುದು ಅವಳಿಗೆ ಸಹಜವಾಗಿಯೇ ಕಂಡಿತು.

"ಇವಳೇ, ಏನು ಮಾಡ್ತಿದೀಯೆ?" ಎಂದು ತಾತ ಬಂದ.

"ಕಂಡೋರ ಹಾಗೆ ನಿಲ್ಬೇಡಿ. ಬಾಯಿ ಅಗಲಿಸಿ ಹಿಡ್ಕೊಳ್ಳಿ."

ತಾತ ಬಟ್ಟೆಯ ಬಾಯಿ ಹಿಡಿದ, ಅಜ್ಜಿ ತಗಡಿನ ಡಬ್ಬಿಯಿಂದ ಸುರಿದಳು. ಸಂಜೆಯ ಹೊತ್ತಿಗೆ ಒಂದು ಮಾರುದ್ದದ ದಿಂಬು ಬಾಗಿಲ ಸಂದಿಗೆ ಅಡ್ಡ ಬಿದ್ದುಕೊಂಡಿತ್ತು. ಸೊಸೆ ಕೆಲಸದಿಂದ ಬಂದು ನೋಡಿ, "ಅಯ್ಯೋ ಅತ್ತೆ, ಎಷ್ಟು ಚೆನ್ನಾಗಿದೆ!" ಎಂದಳು. ಒಳಗಿರುವುದು ಹಳೆಯ ಚಿಂದಿ ಎಂದು ಅವಳೂ ಮಗನೂ ಅಂದುಕೊಂಡರು. ಏಳು ವರ್ಷದಲ್ಲಿ ಸೊಸೆಯ ಬಾಯಿಂದ ಅಂಥ ಮಾತು ಬಂದದ್ದು ಎಷ್ಟು ಸಲ ಎಂದು ಅಜ್ಜಿ ಬೆರಳು ಮಡಿಸಿದರೆ ಒಂದು ಕೈಯೇ ಹೆಚ್ಚಾಗುತ್ತಿತ್ತು.

ಮಗುವಿನ ಹೆಸರು ಬೇರೆ ಏನೋ ಇತ್ತು. ಹುಟ್ಟಿದಾಗ ಅಷ್ಟು ಸಣ್ಣಗಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಚಿಟಿಕೆ. ಚಿಟಿಕೆ ಎರಡೇ ದಿನದಲ್ಲಿ ಆ ದಿಂಬಿಗೆ 'ಉದ್ದಪ್ಪ' ಎಂದು ಹೆಸರಿಟ್ಟಳು. ಉದ್ದಪ್ಪನಿಗೆ ಕಣ್ಣು ಬೇಕೆಂದು ಹಟ ಹಿಡಿದು ಎರಡು ಗುಂಡಿ ಹೊಲಿಸಿಕೊಂಡಳು. ಹಗಲು ಅವನ ಬಾಲ ಹಿಡಿದು ಮನೆತುಂಬ ಎಳೆದಾಡುವಳು, ಮಲಗುವಾಗ ಕುತ್ತಿಗೆಗೆ ಸುತ್ತಿಕೊಳ್ಳುವಳು. ಬಾಗಿಲ ಸಂದು ಮತ್ತೆ ಬರಿದಾಯಿತು. "ಹೋಗ್ಲಿ ಬಿಡಿ, ಮಗು ಖುಷಿಯಾಗಿದೆ," ಎಂದಳು ಸೊಸೆ.

ನಾಲ್ಕೈದು ವಾರ ಕಳೆಯುವಷ್ಟರಲ್ಲಿ ಮಗು ತಟ್ಟೆ ದೂಡತೊಡಗಿತು. "ಉದ್ದಪ್ಪ ತಿಂದ, ನನಗೆ ಸಾಕು," ಎನ್ನುವಳು. ಎಲ್ಲರೂ ನಕ್ಕರು. ಆಮೇಲೆ ಹೊಟ್ಟೆನೋವು ಎಂದು ಮುದುಡಿ ಮಲಗಿದಳು. ಮೂರು ನಾಲ್ಕು ದಿನಕ್ಕೊಮ್ಮೆಯೂ ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ. ಮುಖ ಬೂದಿಯಾಗಿತ್ತು. ಸುಮ್ಮಸುಮ್ಮನೆ ಕಿರುಚುವಳು, ಕಿರುಚಿ ಸುಸ್ತಾಗಿ ಗೋಡೆಗೆ ಒರಗುವಳು. ಅಜ್ಜಿ ಗಂಜಿ ಮಾಡಿದಳು, ಮೊಟ್ಟೆ ಬೇಯಿಸಿದಳು, ಬಾಳೆಹಣ್ಣು ಕಿವುಚಿದಳು. ಎಲ್ಲ ಹಾಗೇ ಹಿಂದೆ ಬಂತು.

ಡಾಕ್ಟರಮ್ಮ ಮಗುವಿನ ಕಣ್ಣು ಬಿಡಿಸಿ ನೋಡಿದರು. "ಮನೇಲಿ ಯಾರಾದ್ರೂ ಹಳೇ ಬಣ್ಣ ಕೆರೆಯೋ ಕೆಲಸ ಮಾಡ್ತೀರಾ?"

ಸೊಸೆ ಗಂಡನ ಮುಖ ನೋಡಿದಳು.

"ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ರಕ್ತ ನೋಡೋಣ."

ಫಲಿತಾಂಶ ಹದಿನೆಂಟು ಎಂದು ಬಂತು. ಸೊನ್ನೆಯಿದ್ದರೆ ಒಳ್ಳೆಯದು, ಮೂರು ನಾಲ್ಕು ದಾಟಿದರೇ ನಾವು ಎಚ್ಚರವಾಗುತ್ತೇವೆ ಎಂದರು ಡಾಕ್ಟರಮ್ಮ. ಸೀಸ ಮಗುವಿನ ಮಿದುಳಿಗೆ ಏರುತ್ತದೆ. ಬುದ್ಧಿಗೆ, ನೆನಪಿಗೆ ಪೆಟ್ಟು. ಎಲ್ಲಿಂದ ಬರುತ್ತಿದೆಯೋ ಅದನ್ನು ಮೊದಲು ನಿಲ್ಲಿಸಿ, ಮಿಕ್ಕಿದ್ದು ಆಮೇಲೆ. ಅಜ್ಜಿ ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದಳು. ಜ್ವರ ಅಂದರೆ ಅವಳಿಗೆ ಗೊತ್ತು, ಗಾಯ ಅಂದರೆ ಗೊತ್ತು. ಕಣ್ಣಿಗೆ ಕಾಣದೆ ಒಂದು ಮಗುವಿನ ಬುದ್ಧಿಯನ್ನು ತಿನ್ನುವ ಲೋಹವೊಂದಿದೆ ಎಂದು ಅವಳು ಕೇಳಿಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ಸೊಸೆ ಚೀಲವನ್ನೂ ಕೆಳಗಿಡದೆ ಗಂಡನ ಕಡೆ ತಿರುಗಿದಳು.

"ನಿಮ್ಮ ಬಟ್ಟೆ, ನಿಮ್ಮ ಕೂದಲು, ನಿಮ್ಮ ಕೈ. ಬಂದ ಕೂಡ್ಲೆ ಮಗೂನ ಎತ್ಕೊಳ್ತೀರಲ್ಲ, ಅದೇ."

"ಎಲ್ಲಾ ಆ ಮಷೀನೇ ಎಳ್ಕೊಳ್ಳುತ್ತೆ ಅಂತ ನಿನಗೂ ಗೊತ್ತು..."

"ಎಳ್ಕೊಂಡಿದ್ರೆ ಹದಿನೆಂಟು ಎಲ್ಲಿಂದ ಬಂತು ರೀ?"

ಅಂದಿನಿಂದ ಮಗ ಹಿತ್ತಲಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಅವನ ಬಟ್ಟೆಗೆ ಬೇರೆ ಬಕೆಟ್ಟು, ಬೇರೆ ಸೋಪು. ಊಟ ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ. ಮಗು "ಅಪ್ಪಾ" ಎಂದು ಕೈಚಾಚಿದರೆ ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. "ಕುಷ್ಠ ಬಂದೋರ ಹಾಗೆ ಕೂರ್ಸಿದಾರೆ ನನ್ನ ಮಗನ್ನ," ಎಂದು ತಾತ ಗೋಡೆಗೆ ಹೇಳಿದ. ಅಜ್ಜಿಗೆ ಸೊಸೆಯ ಮೇಲೆ ಸಿಟ್ಟು ಬಂತು. ಆದರೆ ಭಯ ಸಿಟ್ಟಿಗಿಂತ ದೊಡ್ಡದಿತ್ತು. ಅವಳೂ ಮಗನ ತಟ್ಟೆಯನ್ನು ಬೇರೆಯಾಗಿಯೇ ತೊಳೆದಳು.

ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವಳು ಅವಳೇ. ಹೊಟ್ಟೆ ಹಿಡಿದು ಅಳುವ ಮಗುವಿಗೆ ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಔಷಧಿ ಕುಡಿಸಿ, ಹಾಸಿಗೆಯಲ್ಲಿ ಮಲಗಿಸಿ, "ತಗೋ ನಿನ್ನ ಉದ್ದಪ್ಪ," ಎಂದು ಪಕ್ಕಕ್ಕೆ ಕೊಡುವಳು. ಮಗು ಅವನನ್ನು ತಬ್ಬಿಕೊಂಡು, ತುದಿಯನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುತ್ತಿತ್ತು. ಅದೊಂದರಿಂದಲಾದರೂ ಮಗುವಿಗೆ ಸಮಾಧಾನ ಸಿಗುತ್ತಿದೆಯಲ್ಲ ಎಂದು ಅಜ್ಜಿಗೆ ನೆಮ್ಮದಿ.

ಮೂರು ವಾರದ ಮೇಲೆ ಮತ್ತೆ ರಕ್ತ ಕೊಟ್ಟರು. ಇಪ್ಪತ್ತೇಳು.

"ಇಳಿಯೋದಿರ್ಲಿ, ಏರಿದೆ," ಎಂದರು ಡಾಕ್ಟರಮ್ಮ. "ಮನೇಲಿ ಇನ್ನೂ ಎಲ್ಲೋ ಇದೆ. ಹುಡುಕಿ. ಹೀಗೇ ಏರಿದ್ರೆ ಆಸ್ಪತ್ರೇಲಿಟ್ಟು ಔಷಧಿ ಕೊಡ್ಬೇಕಾಗುತ್ತೆ."

ಮರುದಿನ ಬೆಳಿಗ್ಗೆ ಸೊಸೆ ಅಂಗಡಿಗೆ ಹೋಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಳು: "ನಿಲ್ಸಿ ಈ ಕೆಲಸಾನ. ಮಗು ಬೇಕೋ ಕಿಟಕಿ ಬೇಕೋ?"

"ಉಜ್ಜೋದು ನಿಲ್ಸಿ ನಾಲ್ಕು ದಿನ ಆಯ್ತು ಕಣೇ! ಬಂದು ನೋಡು, ನೆಲದ ಮೇಲೆ ಎಲ್ಲಿದೆ ಧೂಳು? ವ್ಯಾಕ್ಯೂಮಿನ ಫಿಲ್ಟರು ಬಿಚ್ಚಿ ತೋರಿಸ್ಲಾ? ಹೊಸದರ ಹಾಗಿದೆ. ಬಣ್ಣ, ಸೀಸ, ವಿಷ, ಎಲ್ಲಾ ಬಕೆಟ್ಟಿಗೇ ಬೀಳುತ್ತೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಬಕೆಟ್ಟಲ್ಲೇ ಇರೋದು!"

ಅಜ್ಜಿ ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದಳು. ಕೈ ನಿಂತಿತು. ಬಕೆಟ್ಟಲ್ಲೇ? ವಿಷ ಮೇಲೆ ಹೋಗುತ್ತದಲ್ಲವೇ, ಜೊಳ್ಳಿನ ಹಾಗೆ? ಕೆಳಗೆ ಬಿದ್ದದ್ದು ಒಳ್ಳೆಯದಲ್ಲವೇ? ಅವಳು ಯಾರನ್ನೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಹಸಿರು ಛಾಯೆಯ ಆ ನುಣುಪು ಪುಡಿ ಬೆರಳಿಗೆ ಅಂಟಿದ್ದು ಈಗ ತಾನೇ ಆದಂತೆ ನೆನಪಾಯಿತು.

ಅವಳು ಹೋಗಿ ನೋಡಿದಳು. ಮಗು ಮಲಗಿತ್ತು. ಉದ್ದಪ್ಪ ಮಗುವಿನ ಕೆನ್ನೆಯ ಕೆಳಗಿದ್ದ. ಎಳೆದಾಡಿ ಎಳೆದಾಡಿ ಹೊಲಿಗೆ ಅಲ್ಲಲ್ಲಿ ಸಡಿಲವಾಗಿತ್ತು. ಅಜ್ಜಿ ಮಗುವಿನ ತಲೆಯನ್ನು ಮೆಲ್ಲಗೆ ಎತ್ತಿ, ಅವನನ್ನು ಎಳೆದು, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಹಿತ್ತಲಿನ ಹಲಗೆರಾಶಿಯ ಹಿಂದೆ ಬಚ್ಚಿಟ್ಟಳು. ಕೈಯನ್ನು ಮೂರು ಸಲ ತೊಳೆದಳು. ಬಾಯಿ ಮಾತ್ರ ಬಿಡಲಿಲ್ಲ. ಹೇಳಿದರೆ ಏನಾಗುತ್ತದೆ? ಈ ಮಗುವಿನ ಹತ್ತಿರ ಇನ್ನು ಅವಳನ್ನು ಯಾರು ಬಿಡುತ್ತಾರೆ? ತೆಗೆದದ್ದಾಯಿತಲ್ಲ, ಇನ್ನು ಇಳಿಯುತ್ತದೆ, ಯಾರಿಗೂ ಗೊತ್ತಾಗುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಎದ್ದ ಮಗು ಉದ್ದಪ್ಪನಿಲ್ಲವೆಂದು ಮನೆಯ ಸೂರು ಹಾರಿಹೋಗುವಂತೆ ಅತ್ತಿತು. ಸೊಸೆ ಮಂಚದ ಕೆಳಗೆ ಬಗ್ಗಿದಳು, ಕಪಾಟಿನ ಹಿಂದೆ ಕೈ ಹಾಕಿದಳು.

"ಅತ್ತೆ, ನೀವೇನಾದ್ರೂ ನೋಡಿದ್ರಾ?"

"ಇಲ್ಲಮ್ಮ."

"ಇಷ್ಟುದ್ದದ್ದು ಎಲ್ಲಿ ಹೋಗುತ್ತೆ? ಸಿಗ್ದಿದ್ರೆ ಇನ್ನೊಂದು ಹೊಲಿದು ಕೊಡಿ ಅತ್ತೆ. ಪಾಪ, ಈ ಕಷ್ಟದಲ್ಲಿ ಅವಳಿಗೆ ಅದೊಂದೇ ಇರೋದು."

ಅಜ್ಜಿ ತಲೆಯಾಡಿಸಿದಳು. ಸೊಸೆ ಹಾಸಿಗೆಯ ಮೇಲಿನ ಹೊದಿಕೆಯಲ್ಲಿ ಸಿಕ್ಕಿರಬಹುದೆಂದು ಅದನ್ನೆಲ್ಲ ಒಟ್ಟಿಗೆ ಎತ್ತಿ ಕಿಟಕಿಯ ಬಳಿ ಹೋದಳು. ಬಿಸಿಲು ಒಳಗೆ ಬೀಳುತ್ತಿತ್ತು. ಮಗು ಅಮ್ಮನ ಕಾಲು ಹಿಡಿದು, ಬಾಯಿ ತೆರೆದು ಅಳುತ್ತ ನಿಂತಿತ್ತು. ಸೊಸೆ ಹೊದಿಕೆಯನ್ನು ಒಮ್ಮೆ ಒದರಿದಳು. ಬಿಸಿಲಿನಲ್ಲಿ ನವಿರಾದ ಪುಡಿ ಎದ್ದು ನಿಂತಿತು. ಅದು ಮೆಲ್ಲಗೆ ಮಗುವಿನ ತಲೆಯ ಮೇಲೆ ಇಳಿಯತೊಡಗಿತು.

"ಒದರಬೇಡ!" ಎಂದು ಅಜ್ಜಿ ಚೀರಿದಳು. ಓಡಿಹೋಗಿ ಮಗುವನ್ನು ಬಾಚಿ ಎತ್ತಿಕೊಂಡು, ಅದರ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು ಹೊರಗೆ ಬಂದಳು. "ಒದರಬೇಡ ಕಣಮ್ಮ, ಅದೇ ವಿಷ. ಅದೇ. ನಾನೇ ತುಂಬಿದ್ದು. ಆ ಬಕೆಟ್ಟಿಂದ ನಾನೇ ತೆಗೆದು ತುಂಬಿದ್ದು."

ಚೀರಾಟ ಕೇಳಿ ಮಗ ಶೆಡ್ಡಿನಿಂದ ಬಂದ, ತಾತನೂ ಬಂದ. ಹಿತ್ತಲಲ್ಲಿ ನಿಂತುಕೊಂಡೇ ಅಜ್ಜಿ ಎಲ್ಲ ಹೇಳಿದಳು. ಮೊರದ ವಿಷಯವನ್ನೂ ಹೇಳಿದಳು, ಬೆಳಿಗ್ಗೆಯಿಂದ ಬಚ್ಚಿಟ್ಟದ್ದನ್ನೂ ಹೇಳಿದಳು.

"ಮುಖವಾಡ ಹಾಕ್ಕೊಂಡು ನಾನು ಆ ಬಕೆಟ್ಟು ಖಾಲಿ ಮಾಡೋದು ನೀನು ನೋಡಿರ್ಲಿಲ್ವಾ ಅಮ್ಮ?" ಎಂದ ಮಗ.

"ನೋಡಿದ್ದೆ ಕಣೋ. ಮೇಲಿನ ಗಾಳಿಗೆ ಅಂದ್ಕೊಂಡೆ."

"ಕೇಳ್ಬಾರ್ದಿತ್ತಾ?"

"ನೀನು ಹೇಳ್ಬಾರ್ದಿತ್ತಾ?" ಎಂದ ತಾತ ಮಧ್ಯೆ ಬಂದು. "ಅವಳೊಬ್ಬಳನ್ನೇ ಯಾಕೋ ಅಂತೀಯ? ಆ ಬಟ್ಟೆ ಬಾಯಿ ಹಿಡಿದೋನು ನಾನು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದೋನು."

ಗಂಡ ಮೂರು ವಾರ ಕೂತು ಉಂಡಿದ್ದ ಕಲ್ಲನ್ನು ಸೊಸೆ ನೋಡಿದಳು. ಆಮೇಲೆ ಅತ್ತೆಯ ತೋಳಿನಿಂದ ಮಗುವನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ತೆಗೆದುಕೊಂಡಳು. ಕಿತ್ತುಕೊಂಡಿದ್ದರೇ ವಾಸಿಯಿತ್ತು ಎಂದು ಅಜ್ಜಿಗೆ ಅನ್ನಿಸಿತು.

ಅಂದೇ ಮಗ ವ್ಯಾಕ್ಯೂಮಿಗೆ ಅತಿ ಸಣ್ಣ ಧೂಳು ತಡೆಯುವ ಹೊಸ ಫಿಲ್ಟರು ಹಾಕಿ, ಸೈಕ್ಲೋನನ್ನು ಬಕೆಟ್ಟಿನ ಸಮೇತ ಮಲಗುವ ಕೋಣೆಗೆ ತಂದ. ನೆಲದ ಬಿರುಕು, ಮಂಚದ ಸಂದು, ಕಿಟಕಿಯ ಅಂಚು, ಎಲ್ಲ ಕಡೆಯೂ ಪೈಪು ಆಡಿಸಿದ. ಹಾಸಿಗೆ, ಹೊದಿಕೆ, ಉದ್ದಪ್ಪ, ಎಲ್ಲ ಚೀಲದೊಳಗೆ ಕಟ್ಟಿ ಹೋದವು. ಅವನ ಹಿಂದೆಯೇ ಅಜ್ಜಿ ಒದ್ದೆ ಬಟ್ಟೆ ಹಿಡಿದು ನೆಲದ ಮೇಲೆ ಮಂಡಿಯೂರಿ ಒರೆಸಿದಳು. ಒರೆಸಿದ ಬಟ್ಟೆಯನ್ನು ಎಸೆದು ಹೊಸ ಬಟ್ಟೆ ತೆಗೆದುಕೊಂಡಳು. ಮೂರು ದಿನ ಹಾಗೇ ನಡೆಯಿತು. ಪ್ರತಿ ಸಂಜೆ ಮುಖವಾಡದ ಹಿಂದಿನಿಂದ ಮಗ ಬಕೆಟ್ಟಿನ ಒಳಗೆ ಇಣುಕುವನು. "ಇನ್ನೂ ಬರ್ತಿದೆ," ಎನ್ನುವನು. ಮೂರನೆಯ ಸಂಜೆ ಬರಿದಾದ ತಳ ನೋಡಿ ಮುಚ್ಚಳ ಹಾಕಿದ.

ಸೊಸೆ ಮಗುವನ್ನು ಅಂಗಡಿಗೇ ಕರೆದೊಯ್ಯತೊಡಗಿದಳು. ಗಂಡನ ತಟ್ಟೆ ಮತ್ತೆ ಮೇಜಿನ ಮೇಲೆ ಬಂತು. ಅತ್ತೆಯೊಡನೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಉಪ್ಪು ಎಲ್ಲಿದೆ, ಹಾಲು ಬಂತಾ, ಅಷ್ಟೇ. ಹಗಲು ಖಾಲಿ ಮನೆಯಲ್ಲಿ ಅಜ್ಜಿ ಒರೆಸಿದ್ದನ್ನೇ ಒರೆಸುವಳು. ಗಡಿಯಾರದ ಮೇಲೂ ಒರೆಸುವಳು. "ಇನ್ನು ಒರೆಸಿದ್ರೆ ಗೋಡೆ ಸವೆಯುತ್ತೆ ಇವಳೇ," ಎನ್ನುತ್ತಿದ್ದ ತಾತ, ಆದರೆ ಅವಳ ಪಕ್ಕದಲ್ಲೇ ಕುಳಿತಿರುತ್ತಿದ್ದ.

ಎರಡು ತಿಂಗಳ ಮೇಲೆ ಮೂರನೆಯ ಸಲ ರಕ್ತ ಕೊಟ್ಟರು. ಫಲಿತಾಂಶದ ದಿನ ಅಜ್ಜಿ ಯಾರೂ ಕರೆಯದೆಯೇ ಚಪ್ಪಲಿ ಮೆಟ್ಟಿ ಹಿಂದೆ ಹೊರಟಳು. ಯಾರೂ ಬೇಡವೆನ್ನಲಿಲ್ಲ.

"ಹತ್ತೊಂಬತ್ತು. ಇಳೀತಿದೆ," ಎಂದರು ಡಾಕ್ಟರಮ್ಮ. ಮಗನ ಕಣ್ಣಲ್ಲಿ ನೀರು ಬಂತು. ಸೊಸೆ ಮಾತ್ರ ಕದಲಲಿಲ್ಲ.

"ಪೆಟ್ಟು ಬಿದ್ದಿದ್ರೆ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ಈಗಲೇ ಗೊತ್ತಾಗಲ್ಲಮ್ಮ. ಓದು, ಬರಹ, ಲೆಕ್ಕ. ಸ್ಕೂಲಿಗೆ ಹೋದ ಮೇಲೆ ನೋಡ್ತಾ ಇರ್ಬೇಕು. ಏನೂ ಆಗದೇನೂ ಇರಬಹುದು."

ಮಗ ಔಷಧಿ ತರಲು ಮುಂದೆ ಹೋದ. ಆಸ್ಪತ್ರೆಯ ಮುಂದಿನ ಅಗಲವಾದ ಮೆಟ್ಟಿಲುಗಳನ್ನು ಚಿಟಿಕೆ ಅಮ್ಮನ ಕೈ ಹಿಡಿದು ಒಂದೊಂದಾಗಿ ಕುಪ್ಪಳಿಸಿ ಇಳಿದಳು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಗಟ್ಟಿಯಾಗಿ ಎಣಿಸುತ್ತಿದ್ದಳು. ಐದು, ಆರು, ಏಳು, ಒಂಬತ್ತು, ಹತ್ತು.

ಸೊಸೆ ನಿಂತಳು. ಎರಡು ಮೆಟ್ಟಿಲು ಹಿಂದೆ ಅಜ್ಜಿಯೂ ನಿಂತಳು. ಮಕ್ಕಳು ತಪ್ಪುವುದು ಸಹಜ, ಎಲ್ಲ ಮಕ್ಕಳೂ ಒಂದನ್ನು ಹಾರಿಸಿ ಎಣಿಸುತ್ತವೆ ಎನ್ನುವ ಮಾತು ಅಜ್ಜಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು.

ಸೊಸೆ ಹಿಂದೆ ತಿರುಗಿ ಅವಳನ್ನು ನೋಡಿದಳು. ಎರಡು ತಿಂಗಳಲ್ಲಿ ಮೊದಲ ಸಲ ಮುಖವೆತ್ತಿ ನೋಡಿದಳು.

"ಅತ್ತೆ. ಹಗಲೆಲ್ಲ ಇವಳ ಜೊತೆ ಇದ್ದೋರು ನೀವು. ಮುಂಚೆ ಸರಿಯಾಗಿ ಎಣಿಸ್ತಿದ್ಲಾ?"

ಇಲ್ಲ ಅಂದರೆ ಸೊಸೆಯ ಜೀವ ತಣ್ಣಗಾಗುತ್ತದೆ. ನೆನಪಿಲ್ಲ ಅಂದರೂ ನಡೆಯುತ್ತದೆ. ಅಜ್ಜಿ ಕಂಬಿಯನ್ನು ಹಿಡಿದುಕೊಂಡಳು.

"ಎಣಿಸ್ತಿದ್ಲು," ಎಂದಳು. "ಇಪ್ಪತ್ತರವರೆಗೂ. ಒಂದೂ ತಪ್ತಿರ್ಲಿಲ್ಲ."

ಸೊಸೆ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ, ಮತ್ತೆ ಮೇಲಕ್ಕೆ ಹೋಗಿ ಇಳಿಸಿದಳು. ಮಗುವಿನ ಒಂದು ಕೈ ತಾನು ಹಿಡಿದು, ಇನ್ನೊಂದನ್ನು ಅತ್ತೆಯ ಕಡೆಗೆ ಚಾಚಿದಳು.

"ನೀವೂ ಹಿಡ್ಕೊಳ್ಳಿ. ಒಬ್ಬಳೇ ಕೇಳಿಸ್ಕೊಳ್ಳಕ್ಕೆ ನನಗೆ ಧೈರ್ಯ ಇಲ್ಲ."

ಅಜ್ಜಿ ಆ ಪುಟ್ಟ ಕೈ ಹಿಡಿದುಕೊಂಡಳು. ಚಿಟಿಕೆಗೆ ಇದೊಂದು ಹೊಸ ಆಟ. "ಒಂದು," ಎಂದು ಕುಪ್ಪಳಿಸಿದಳು. "ಎರಡು, ಮೂರು." ಇಬ್ಬರು ಹೆಂಗಸರೂ ಅವಳ ಜೊತೆಗೆ ಒಂದೊಂದೇ ಮೆಟ್ಟಿಲು ಇಳಿದರು, ಅವಳ ತುಟಿಯನ್ನೇ ನೋಡುತ್ತ. "ಆರು," ಎಂದಳು. "ಏಳು," ಎಂದಳು. ಮುಂದಿನ ಮೆಟ್ಟಿಲಿಗೆ ಕಾಲೆತ್ತಿ, ನೆನಪು ಮಾಡಿಕೊಳ್ಳುವವಳಂತೆ ಸ್ವಲ್ಪ ಹೊತ್ತು ಹಾಗೇ ನಿಂತಳು.